ಹೆರಿಗೆಯವರೆಗೆ ಹಲ್ಲುನೋವು ಕಾಯುವುದೆ?



ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು, ಸಾಲದ ಬಾಕಿ ಇವುಗಳ ವಿಚಾರವನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಬಸುರಿ ಹೆಂಗಸರ ಹಲ್ಲುನೋವಿನ ವಿಚಾರ ಎತ್ತಿಕೊಂಡದ್ದು ಕಂಡು ಕೆಲವರಿಗೆ ನಗು ಬರಬಹುದು. ಓದಿ ಮುಗಿಸಿದ ಮೇಲೆ ನಗಬೇಕೋ ಬೇಡವೋ ತೀರ್ಮಾನಿಸಿ.

ಕಳೆದ ಕಾಫಿ ಕೊಯ್ಲಿನ ಕಾಲದ ಸಂಗತಿ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು, ಐದು ತಿಂಗಳು ತುಂಬಿದ ಬಸುರಿ, ಒಂದು ಬೆಳಿಗ್ಗೆ ಊದಿದ ಕೆನ್ನೆ ಹಿಡಿದುಕೊಂಡು ಕಣದಲ್ಲಿ ಬಂದು ನಿಂತಳು. ಲವಂಗ ಕಚ್ಚಿಕೊಂಡು ಮೂರು ರಾತ್ರಿ ಕಳೆದಿದ್ದಳಂತೆ. ನಾನು ಮಾಡಿದ್ದೇನು? ಮನೆಯ ಬೀರುವಿನಲ್ಲಿದ್ದ ನೋವಿನ ಮಾತ್ರೆ ತಂದುಕೊಟ್ಟು, "ಇದನ್ನು ನುಂಗು, ಸಂಜೆಗೆ ಸರಿಹೋಗುತ್ತೆ" ಎಂದೆ. ಗಿಡದಲ್ಲಿ ಹಣ್ಣು ಉದುರುತ್ತಿತ್ತು. ನನ್ನ ಗಮನವೆಲ್ಲ ಅಲ್ಲಿತ್ತು.

ಎರಡು ದಿನ ಕಳೆಯುವಷ್ಟರಲ್ಲಿ ಜ್ವರ ಬಂತು. ಆಗ ಜೀಪಿನಲ್ಲಿ ಕೂರಿಸಿಕೊಂಡು ಪೇಟೆಗೆ ಹೋದೆವು. ಅಲ್ಲಿನ ಕ್ಲಿನಿಕ್ಕೊಂದರಲ್ಲಿ "ಬಸುರಿಯರ ಹಲ್ಲು ನಾವು ಮುಟ್ಟುವುದಿಲ್ಲ, ಹೆರಿಗೆ ಆದಮೇಲೆ ಕರಕೊಂಡು ಬನ್ನಿ" ಎಂದು ಕಳಿಸಿಬಿಟ್ಟರು. ಹೆರಿಗೆಗೆ ಇನ್ನೂ ನಾಲ್ಕು ತಿಂಗಳಿತ್ತು! ಕೊನೆಗೆ ಸರ್ಕಾರಿ ಆಸ್ಪತ್ರೆಯ ದಂತವೈದ್ಯರು ಹೆರಿಗೆ ಡಾಕ್ಟರೊಡನೆ ಮಾತಾಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಲ್ಲು ಕಿತ್ತು ಕೀವು ತೆಗೆದರು. ಮೂರು ದಿನದಲ್ಲಿ ಆಕೆ ಗಂಜಿ ಬಿಟ್ಟು ಅನ್ನ ಉಂಡಳು. ಈಗ ಕೂಸು, ಬಾಣಂತಿ ಇಬ್ಬರೂ ಕ್ಷೇಮ.

ಹೊರಡುವಾಗ ಆ ವೈದ್ಯರು ನನ್ನನ್ನು ಕೇಳಿದರು: "ಮಾತ್ರೆ ಕೊಟ್ಟವರು ಯಾರು?" ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು 20 ವಾರ ದಾಟಿದ ಗರ್ಭದಲ್ಲಿ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ, ಸುತ್ತಲಿನ ಗರ್ಭಜಲ ಕಡಿಮೆಯಾಗಲು ಕಾರಣವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. ನಾನು ಕೊಟ್ಟದ್ದು ಅದೇ ಜಾತಿಯದು. ಒಂದೆರಡು ಮಾತ್ರೆಯಲ್ಲಿ ನಿಂತದ್ದು ಪುಣ್ಯ. ಗಿಡಕ್ಕೆ ಯಾವ ಔಷಧಿ ಎಷ್ಟು ಪ್ರಮಾಣ ಎಂದು ಡಬ್ಬಿಯ ಚೀಟಿ ಎರಡು ಸಲ ಓದುವ ನಾವು, ಮನುಷ್ಯರಿಗೆ ಮಾತ್ರೆ ಕೊಡುವಾಗ ಓದುವುದಿಲ್ಲ.

ಬಸುರಿಯಲ್ಲಿ ವಸಡು ಕೆಡುವುದೇಕೆ?

"ಕೂಸಿಗೊಂದು ಹಲ್ಲು ಹೋಗುತ್ತೆ" ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಮಗು ತಾಯಿಯ ಹಲ್ಲಿನಿಂದ ಸುಣ್ಣದ ಅಂಶ ಎಳೆದುಕೊಳ್ಳುತ್ತದೆಂಬ ನಂಬಿಕೆ ಇದರ ಹಿಂದಿದೆ. ಅದು ನಿಜವಲ್ಲ. ಗರ್ಭ ನಿಂತಾಗ ದೇಹದಲ್ಲಿ ಏರುವ ಹಾರ್ಮೋನುಗಳಿಂದ ವಸಡು ಮೆದುವಾಗಿ, ಹಲ್ಲಿನ ಬುಡದಲ್ಲಿ ಕಟ್ಟಿದ ಕೊಳೆಗೆ ಬೇಗ ಊದಿಕೊಳ್ಳುತ್ತದೆ. ಉಜ್ಜಿದರೆ ರಕ್ತ ಬರುತ್ತದೆ. ರಕ್ತ ಕಂಡು ಹೆದರಿ ಉಜ್ಜುವುದನ್ನೇ ಬಿಟ್ಟರೆ ಕೊಳೆ ಹೆಚ್ಚುತ್ತದೆ. ಮೃದುವಾದ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ಉಜ್ಜುವುದೇ ಇದಕ್ಕೆ ಮದ್ದು.

ಎರಡನೆಯದು ವಾಂತಿ. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ. ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಬೇಕು.

ವಸಡಿನ ರೋಗವಿರುವ ತಾಯಂದಿರಲ್ಲಿ ದಿನ ತುಂಬದ ಹೆರಿಗೆ ಹೆಚ್ಚೆಂದು ಅನೇಕ ಅಧ್ಯಯನಗಳು ಕಂಡಿವೆ. ಆದರೆ ಬಸುರಿಯಲ್ಲಿ ವಸಡಿಗೆ ಚಿಕಿತ್ಸೆ ಮಾಡಿದರೆ ಅಂಥ ಹೆರಿಗೆ ತಪ್ಪುತ್ತದೆಂದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಕಂಡುಬರಲಿಲ್ಲ. ಅದೇ ಪ್ರಯೋಗ ಇನ್ನೊಂದನ್ನು ತೋರಿಸಿತು: ಚಿಕಿತ್ಸೆಯಿಂದ ವಸಡು ಸುಧಾರಿಸಿತು, ತಾಯಿಗಾಗಲಿ ಮಗುವಿಗಾಗಲಿ ಕೇಡಾಗಲಿಲ್ಲ. ನಮಗೆ ಬೇಕಾದದ್ದು ಈ ಮಾತೇ.

ಯಾವಾಗ ತೋರಿಸಬೇಕು?

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುತ್ತೇವಲ್ಲ, ಇದಕ್ಕೂ ಹಾಗೆಯೇ ಒಂದು ಹದವಿದೆ. ನಾಲ್ಕರಿಂದ ಆರನೆಯ ತಿಂಗಳು ಹಲ್ಲಿನ ಸಾಮಾನ್ಯ ಕೆಲಸಕ್ಕೆಲ್ಲ ಅನುಕೂಲ ಕಾಲ. ವಾಂತಿ ಇಳಿದಿರುತ್ತದೆ, ಹೊಟ್ಟೆಯೂ ಭಾರವಾಗಿರುವುದಿಲ್ಲ. ಆದರೆ ಕೀವು, ಬಾವು, ಜ್ವರ ಬಂದರೆ ತಿಂಗಳ ಲೆಕ್ಕ ಹಾಕುತ್ತ ಕೂರಬಾರದು. ಅಮೆರಿಕದ ಹೆರಿಗೆ ತಜ್ಞರ ಸಂಘ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ: ಹಲ್ಲು ಕೀಳುವುದು, ಹುಳುಕು ತುಂಬಿಸುವುದು, ಮರಗಟ್ಟುವ ಲಿಡೊಕೇನ್, ಹೊಟ್ಟೆಗೂ ಕುತ್ತಿಗೆಗೂ ರಕ್ಷೆ ಹೊದಿಸಿ ತೆಗೆಯುವ ಹಲ್ಲಿನ ಎಕ್ಸ್‌ರೇ, ಇವಾವುವೂ ಬಸುರಿಯಲ್ಲಿ ನಿಷಿದ್ಧವಲ್ಲ. ಟೆಟ್ರಾಸೈಕ್ಲಿನ್ ಮಾತ್ರ ಕೂಡದು; ಅದು ಹುಟ್ಟುವ ಮಗುವಿನ ಹಲ್ಲಿಗೆ ಕಲೆ ಹಿಡಿಸುತ್ತದೆ. ಆದ್ದರಿಂದ ಬಸುರಿಯೆಂಬುದನ್ನು ದಂತವೈದ್ಯರಿಗೆ ಮೊದಲೇ ತಿಳಿಸಿ ತಾಯಿ ಕಾರ್ಡು ತೋರಿಸಬೇಕು.

ನಮಗೇ ಕಹಿಯಾದ ಮಾತು

ಅಡಿಕೆ ಬೆಳೆದು ಬದುಕುವವನು ನಾನು. ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅದರ ಬಗ್ಗೆ ಬೆಳೆಗಾರರಾದ ನಮ್ಮ ತಕರಾರು ಇದ್ದದ್ದೇ. ಆದರೆ ಬಸುರಿಯ ವಿಷಯದಲ್ಲಿ ತಕರಾರಿಗೆ ಎಡೆಯಿಲ್ಲ. ಎಲೆಯಡಿಕೆ, ಅದರಲ್ಲೂ ಹೊಗೆಸೊಪ್ಪು ಸೇರಿದ್ದು, ವಸಡಿಗೂ ಒಳ್ಳೆಯದಲ್ಲ, ಹೊಟ್ಟೆಯ ಕೂಸಿಗೂ ಒಳ್ಳೆಯದಲ್ಲ. ಸೀಮಂತದ ತಟ್ಟೆಯಲ್ಲಿ ತಾಂಬೂಲ ಶಾಸ್ತ್ರಕ್ಕಿರಲಿ. ಆ ಒಂಬತ್ತು ತಿಂಗಳು ಜಗಿಯುವುದು ಬೇಡ.

ನಾವೇನು ಮಾಡಬಹುದು?

1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳ ಮೇಲೆ ವೈದ್ಯಕೀಯ ಸೌಲಭ್ಯದ ಹೊಣೆ ಹೊರಿಸಿತ್ತು. ನಮ್ಮಂಥ ಸಣ್ಣ ಹಿಡುವಳಿಗಳಿಗೆ ಅದು ತಟ್ಟಲಿಲ್ಲ. ಕಾನೂನು ತಟ್ಟದಿದ್ದರೂ ಮನಸ್ಸಿಗೆ ತಟ್ಟಬೇಕು. ದಾರಿಗಳು ಇಲ್ಲದಿಲ್ಲ. ಗರ್ಭಿಣಿಯರ ಉಚಿತ ತಪಾಸಣೆಗಾಗಿ 2016ರಲ್ಲಿ ಆರಂಭವಾದ ಕೇಂದ್ರದ ಕಾರ್ಯಕ್ರಮದಂತೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಮೀಸಲು. ಅಂದು ಹೋದವಳು ಬಾಯಿಯನ್ನೂ ನೋಡಿ ಎಂದು ಕೇಳಬಹುದು. ವಿರಾಜಪೇಟೆ, ಸುಳ್ಯ, ಹಾಸನ, ಶಿವಮೊಗ್ಗಗಳಲ್ಲಿ ದಂತವೈದ್ಯ ಕಾಲೇಜುಗಳಿವೆ.

ಆದರೆ ಕೂಲಿ ಕಳೆದುಕೊಂಡು, ಎರಡು ಬಸ್ಸು ಬದಲಿಸಿ, ಕೆಲಸ ಬಿಟ್ಟು ಜೊತೆಗೆ ಬರುವ ಗಂಡನಿಲ್ಲದೆ ಆಕೆ ಹೋಗುವುದು ಹೇಗೆ? ಅಡ್ಡಿ ಇರುವುದು ಅಲ್ಲಿ. ನಮ್ಮ ಸೊಸೆ, ಹೆಣ್ಣುಮಕ್ಕಳಿಗೂ "ಹೆರಿಗೆ ಮುಗಿಯಲಿ, ನೋಡೋಣ" ಎನ್ನುವವರು ಮನೆಯಲ್ಲೇ ಇದ್ದೇವೆ.

ಆದ್ದರಿಂದ ಎರಡು ಸಲಹೆಗಳನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡುತ್ತಿದ್ದೇನೆ. ಒಂದು, 9ನೇ ತಾರೀಖು ಸಂಘದ ವಾಹನ ಗೊಬ್ಬರ ತರಲು ಪೇಟೆಗೆ ಹೋಗುವ ಬದಲು ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಎರಡು, ಅಂದಿನ ಕೂಲಿಯನ್ನು ತೋಟದವರು ಕಡಿಯದೆ ಕೊಡಲಿ. ನಮ್ಮ ತೋಟದಲ್ಲಿ ಇದನ್ನು ಆಗಲೇ ಶುರುಮಾಡಿದ್ದೇನೆ. ಬೀರುವಿನ ಮಾತ್ರೆ ಡಬ್ಬಿಗೂ ಬೀಗ ಬಿದ್ದಿದೆ.

ನಿಮ್ಮ ಅಭಿಪ್ರಾಯವನ್ನು ಸಂಘದ ಕಚೇರಿಗೆ ಬರೆದು ತಿಳಿಸಿ.

– ಕಾರ್ಯದರ್ಶಿ