ಗೋಡೆಯ ಮೇಷ್ಟ್ರು

ಹಸಿ ಗಾರೆಯ ಮೇಲೆ ಚಿತ್ರ ಬರೆಯುವವರಿಗೆ ಪುರುಸೊತ್ತಿಲ್ಲ. ಆ ದಿನ ಮುಗಿಸಬಹುದಾದಷ್ಟೇ ಜಾಗಕ್ಕೆ ಸುಣ್ಣದ ಗಾರೆ ಮೆತ್ತಬೇಕು, ನೀರಿನಲ್ಲಿ ಕದಡಿದ ಬಣ್ಣವನ್ನು ಗಾರೆ ಆರುವ ಮೊದಲೇ ಹಚ್ಚಬೇಕು. ಸುಣ್ಣ ಗಾಳಿ ಕುಡಿದು ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ಆಮೇಲೆ ತಿದ್ದಬೇಕೆಂದರೆ ಗಾರೆಯನ್ನೇ ಕೆತ್ತಬೇಕು. ಫ್ರೆಸ್ಕೊ ಎಂಬ ಈ ಹಳೇ ವಿದ್ಯೆಯನ್ನು ಕೀವ್‌ನ ಹುಡುಗ ಹುಡುಗಿಯರ ಕೈಗೆ ಹತ್ತಿಸಿದವರು ಮಿಖಾಯ್ಲೊ ಬೊಯ್ಚುಕ್.

ಹುಟ್ಟಿದ್ದು 1882ರಲ್ಲಿ, ಟೆರ್ನೊಪಿಲ್ ಸೀಮೆಯ ರೊಮಾನಿವ್ಕಾ ಹಳ್ಳಿಯ ರೈತರ ಮನೆಯಲ್ಲಿ. ಧರ್ಮಾಧ್ಯಕ್ಷ ಆಂದ್ರೆಯ್ ಶೆಪ್ಟಿಟ್‌ಸ್ಕಿಯವರ ನೆರವಿನಿಂದ ಕ್ರಾಕೋವ್‌ನಲ್ಲಿ ಕಲಿತು, ಪ್ಯಾರಿಸ್‌ಗೂ ಹೋದರು. ಊರೆಲ್ಲ ಹೊಸತರ ಹಿಂದೆ ಓಡುತ್ತಿದ್ದಾಗ ಇವರು ಬೈಜಾಂಟಿಯಂನ ಹಳೆಯ ಕಲೆಯ ಕಡೆ ತಿರುಗಿದರು. ಲ್ವಿವ್‌ಗೆ ಮರಳಿ ಹಳೆಯ ಐಕಾನ್‌ಗಳ, ಎಂದರೆ ಹಲಗೆಯ ಮೇಲಿನ ದೇವರ ಚಿತ್ರಗಳ, ಜೀರ್ಣೋದ್ಧಾರ ಮಾಡಿದರು. 1917ರಲ್ಲಿ ಕೀವ್‌ನಲ್ಲಿ ಉಕ್ರೇನಿಯನ್ ಕಲಾ ಅಕಾಡೆಮಿ ತೆರೆದಾಗ ಮೊದಲ ಪ್ರಾಧ್ಯಾಪಕರಲ್ಲಿ ಇವರೂ ಒಬ್ಬರು.

ನನಗೆ ಇಷ್ಟವಾಗುವುದು ಅವರ ಪಾಠದ ಕ್ರಮ. ಇಟಲಿಯ ಹಳೆಯ ಚಿತ್ರಕಾರ ಜೊತ್ತೊನ ಚಿತ್ರಗಳನ್ನೂ ಐಕಾನ್‌ಗಳನ್ನೂ ನಕಲು ಮಾಡಿಸುವರು, ಮೊಟ್ಟೆಯ ಹಳದಿಯಲ್ಲಿ ಬಣ್ಣ ಅರೆಸುವರು, ದೊಡ್ಡ ಗೋಡೆಗೆ ಎಲ್ಲರನ್ನೂ ಒಟ್ಟಿಗೆ ಹಚ್ಚುವರು. ಯಾರ ಕುಂಚ ಯಾವುದೆಂದು ಹುಡುಕುವ ಹಟ ಅಲ್ಲಿ ನಡೆಯುತ್ತಿರಲಿಲ್ಲ. ಶಿಷ್ಯರು ಗೋಡೆಗಷ್ಟೇ ನಿಲ್ಲದೆ ಮಡಕೆಗೂ ಪುಸ್ತಕಕ್ಕೂ ಇಳಿದರು. ವಾಸಿಲ್ ಸೆಡ್‌ಲ್ಯಾರ್ ಮೆಜಿಹಿರ್ಯಾದ ಕುಂಬಾರಿಕೆ ಶಾಲೆ ನಡೆಸಿದರು, ಶೆವ್‌ಚೆಂಕೊ ಕವಿಯ ‘ಕೊಬ್ಜಾರ್’ಗೆ ಚಿತ್ರ ಬರೆದರು. ಮೇಷ್ಟ್ರ ಹೆಸರಿನಿಂದಲೇ ಈ ಶಿಷ್ಯರಿಗೆಲ್ಲ ‘ಬೊಯ್ಚುಕಿಸ್ಟರು’ ಎಂಬ ಹೆಸರು ಅಂಟಿತು.

ಮೇಷ್ಟ್ರೂ ಶಿಷ್ಯರೂ ಸೇರಿ ಬರೆದ ದೊಡ್ಡ ಗೋಡೆಗಳು ಇವು: 1919ರಲ್ಲಿ ಕೀವ್‌ನ ಸೈನಿಕರ ಬ್ಯಾರಕ್, 1928ರಲ್ಲಿ ಒಡೆಸ್ಸಾ ಬಳಿಯ ರೈತರ ಆರೋಗ್ಯಧಾಮ, 1933ರಿಂದ 35ರವರೆಗೆ ಹಾರ್ಕಿವ್‌ನ ರಂಗಮಂದಿರ. ಆ ಕೊನೆಯ ಗೋಡೆಯ ಮೇಲೆ ಬರೆದದ್ದು ಸಾಮೂಹಿಕ ಹೊಲದ ಸುಗ್ಗಿಹಬ್ಬ; ಲಕ್ಷಾಂತರ ರೈತರು ಹಸಿವಿನಿಂದ ಸತ್ತ ಕ್ಷಾಮದ ಬೆನ್ನಿಗೇ. ಅದನ್ನು ಬರೆಯುವಾಗ ಮೇಷ್ಟ್ರ ಮನಸ್ಸು ಏನೆಂದಿತೋ!

ಸೋವಿಯತ್ ಸರ್ಕಾರದ ಕಣ್ಣಿಗೆ ಯುರೋಪ್ ಸುತ್ತಿಬಂದದ್ದೇ ಬೇಹುಗಾರಿಕೆಯಾಯಿತು, ನಾಡಿನ ಮಾತೆತ್ತಿದ್ದು ಅಪರಾಧವಾಯಿತು. 1937ರ ಜುಲೈ 13ರಂದು ಬೊಯ್ಚುಕ್, ಅವರ ಶಿಷ್ಯರಾದ ಸೆಡ್‌ಲ್ಯಾರ್, ಇವಾನ್ ಪಡಾಲ್ಕಾ ಮೂವರನ್ನೂ ಗುಂಡಿಕ್ಕಿ ಕೊಂದರು. ಡಿಸೆಂಬರ್‌ನಲ್ಲಿ ಪತ್ನಿ, ಮರಗೆತ್ತನೆಯ ಮುದ್ರಣ ಕಲಾವಿದೆ ಸೋಫಿಯಾ ಅವರನ್ನೂ. ಆ ದೊಡ್ಡ ಗೋಡೆಗಳ ಚಿತ್ರಗಳೂ ಉಳಿಯಲಿಲ್ಲ.

ಹಲಗೆಯ ಮೇಲೆ, ಕಾಗದದ ಮೇಲೆ ಬರೆದದ್ದನ್ನು ಯಾರಾದರೂ ಬಚ್ಚಿಡಬಹುದಿತ್ತು. ಹಾಗೆ ಕೆಲವು ಉಳಿದವು ಕೂಡ. ಬೊಯ್ಚುಕ್ ಅವರ ತಮ್ಮ ತಿಮೊಫಿಯ್ ಬರೆದ, ಸೇಬಿನ ಮರದಡಿಯ ಹೆಂಗಸರ ಚಿತ್ರ ಈಗಲೂ ಇದೆ. ಎಲ್ಲರಿಗೂ ಕಾಣಲೆಂದು ಗೋಡೆ ಹಿಡಿದ ಮೇಷ್ಟ್ರಿಗೆ ಆ ದಾರಿಯೇ ಇರಲಿಲ್ಲ. 1958ರಲ್ಲಿ ಸರ್ಕಾರ ಅವರನ್ನು ನಿರಪರಾಧಿ ಎಂದಿತು. ಕೀವ್‌ನ ಒಂದು ಕಲಾ ಅಕಾಡೆಮಿಗೆ ಈಗ ಅವರ ಹೆಸರಿದೆ. 2024ರ ಮಾರ್ಚ್ 25ರಂದು ರಷ್ಯಾದ ಕ್ಷಿಪಣಿ ದಾಳಿಯಲ್ಲಿ ಅದರ ಕಟ್ಟಡದ ಒಂದು ಭಾಗ ಕುಸಿಯಿತು.