ಬಿಟ್ಟ ಆಟಕ್ಕೆ ಮರಳುವ ದಾರಿ

ಗುಜರಾತಿನಲ್ಲಿ ನೆಲೆಸಿರುವ ನಮ್ಮ ತರುಣರ ವಿನೋದಗಳನ್ನು ಕುರಿತು ಬರೆಯುವಾಗ ಹಿಂದೆಲ್ಲ ನಾಟಕ, ಯಕ್ಷಗಾನ, ಕ್ರಿಕೆಟ್ಟುಗಳನ್ನು ಹೆಸರಿಸಿದರೆ ಸಾಕಾಗುತ್ತಿತ್ತು. ಈಗ ಆ ಸಾಲಿಗೆ ವಿಡಿಯೋ ಆಟವನ್ನೂ ಸೇರಿಸದೆ ಗತ್ಯಂತರವಿಲ್ಲ. ಅಹಮದಾಬಾದಿನ ಮಣಿನಗರದಲ್ಲಾಗಲಿ, ವಡೋದರಾದ ಸಯಾಜಿಗಂಜಿನಲ್ಲಾಗಲಿ, ಸೂರತ್ತಿನ ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಗಳ ಆಸುಪಾಸಿನಲ್ಲಾಗಲಿ, ರಾತ್ರಿ ಹೋಟೆಲಿನ ಶಟರು ಇಳಿದು, ಗಲ್ಲಾದ ಲೆಕ್ಕ ಮುಗಿದು, ಕಾವಲಿ ತಣ್ಣಗಾದ ಮೇಲೆ ಕೆಲಸಗಾರನಿಗೆ ಉಳಿಯುವುದು ಒಂದೋ ಒಂದೂವರೆಯೋ ಗಂಟೆಯ ಬಿಡುವು. ಗುಮಾಸ್ತನ ಬಿಡುವೂ ಅದಕ್ಕಿಂತ ಬಹಳ ಹೆಚ್ಚಿನದಲ್ಲ. ಆ ಬಿಡುವನ್ನು ‘ಡಾರ್ಕ್ ಸೋಲ್ಸ್’ ಎಂಬ ಜಪಾನೀ ಆಟಕ್ಕೆ ಕೊಟ್ಟು, ಮೂರು ರಾತ್ರಿ ಸತ್ತು ಸತ್ತು ಬೇಸತ್ತು, ನಾಲ್ಕನೆಯ ರಾತ್ರಿ ಕೈಬಿಟ್ಟವರು ನಮ್ಮ ಪರಿಚಯದವರಲ್ಲಿಯೇ ಹಲವರುಂಟು. ಅಂಥವರು ಅದನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಬಹುದೆ, ಎತ್ತಿಕೊಂಡರೆ ದೊರೆಯುವುದೇನು ಎಂಬುದೇ ಇಲ್ಲಿಯ ವಿಷಯ.

ಆಟವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಇದು 2011ರಲ್ಲಿ ಹೊರಬಂದ ಅದ್ಭುತಕಥೆಯ ಆಟ. ಪಾಳುಬಿದ್ದ ಕೋಟೆಗಳು, ಅಸ್ಥಿಪಂಜರಗಳು, ದೈತ್ಯರು, ಘಟಸರ್ಪಗಳು. ಇವುಗಳ ನಡುವೆ ಒಬ್ಬ ಒಂಟಿ ಯೋಧ. ಶತ್ರುಗಳನ್ನು ಕೊಂದರೆ ‘ಸೋಲ್ಸ್’, ಅಂದರೆ ಆತ್ಮಗಳು, ಕೈಸೇರುತ್ತವೆ. ಶಕ್ತಿ ಹೆಚ್ಚಿಸಿಕೊಳ್ಳುವುದಕ್ಕೂ ಸರಕು ಕೊಳ್ಳುವುದಕ್ಕೂ ಅವೇ ನಾಣ್ಯ. ಸತ್ತರೆ ಅಷ್ಟೂ ಸತ್ತ ಜಾಗದಲ್ಲಿ ಬಿದ್ದುಹೋಗುತ್ತದೆ. ಮರಳಿ ಅಲ್ಲಿಗೆ ಹೋಗಿ ಮುಟ್ಟಿದರೆ ಎಲ್ಲವೂ ಸಿಕ್ಕೀತು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋಯಿತು. ಎರಡನೆಯ ಅವಕಾಶವೊಂದನ್ನು ಆಟವೇ ತನ್ನ ನಿಯಮದೊಳಗೆ ಕಟ್ಟಿಕೊಟ್ಟಿದೆ, ಮೂರನೆಯದನ್ನು ಕೊಡುವುದಿಲ್ಲ. ಅಲ್ಲಲ್ಲಿ ಒಂದು ಕತ್ತಿ ನೆಟ್ಟ ಅಗ್ಗಿಷ್ಟಿಕೆ ಉಂಟು. ಅದರ ಬಳಿ ಕುಳಿತರೆ ಗಾಯ ಮಾಯುತ್ತದೆ, ಔಷಧಿಯ ಸೀಸೆ ತುಂಬುತ್ತದೆ. ಆದರೆ ಕೊಂದ ಶತ್ರುಗಳಲ್ಲಿ ಬಹುಪಾಲು ಎಲ್ಲರೂ ಎದ್ದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಯೇ ಇಲ್ಲ. ಎಲ್ಲರಿಗೂ ಒಂದೇ ಅಳತೆ.

ಮೊದಲ ಸಲ ಆಡಿದವರು ಎಲ್ಲಿ ಎಡವುತ್ತಾರೆಂಬುದನ್ನು ಗಮನಿಸಿದರೆ ವಿಷಯ ಅರ್ಧ ತಿಳಿದಂತೆ. ಸೆರೆಮನೆಯಿಂದ ಹೊರಟ ಯೋಧನ ಕೈಯಲ್ಲಿರುವುದು ಮುರಿದ ಕತ್ತಿಯ ಹಿಡಿ ಮಾತ್ರ. ದೊಡ್ಡ ಬಾಗಿಲನ್ನು ತಳ್ಳಿ ಒಳಹೊಕ್ಕೊಡನೆ ಮೇಲಿನಿಂದ ಆನೆಗಾತ್ರದ ರಾಕ್ಷಸನೊಬ್ಬ ಧುಮುಕುತ್ತಾನೆ. ನಮ್ಮವರು ವೀರಾವೇಶದಿಂದ ಆ ಹಿಡಿಯನ್ನೇ ಬೀಸುತ್ತ ಸಾಯುತ್ತಾರೆ. ಪಕ್ಕದಲ್ಲಿಯೇ ತೆರೆದ ಬಾಗಿಲೊಂದಿರುವುದನ್ನು ನೋಡುವವರು ಕಡಿಮೆ. ಓಡಿಹೋಗು, ಆಯುಧ ಸಂಪಾದಿಸು, ಮಾಳಿಗೆಯ ಮೇಲಿನಿಂದ ಅವನ ತಲೆಯ ಮೇಲೆಯೇ ಹಾರು ಎಂಬುದು ಅಲ್ಲಿಯ ಪಾಠ. ಹಾಗೆ ಹಾರಿ ಇರಿದರೆ ಒಂದೇ ಏಟಿಗೆ ರಾಕ್ಷಸನ ಬಲ ಬಹಳಷ್ಟು ಕುಸಿಯುತ್ತದೆ.

ಇದನ್ನು ದಾಟಿದವರು ಮುಂದೆ ‘ಫೈರ್‌ಲಿಂಕ್’ ಎಂಬ ಪಾಳು ಗುಡಿಗೆ ಬರುತ್ತಾರೆ. ಅಲ್ಲಿಂದ ಸ್ಮಶಾನಕ್ಕೆ ದಾರಿಯುಂಟು. ಹೊಸಬ ಅತ್ತ ನಡೆಯುತ್ತಾನೆ. ಅಸ್ಥಿಪಂಜರಗಳು ಅವನನ್ನು ಹಿಡಿದು ಬಡಿಯುತ್ತವೆ. ಹತ್ತು ಸಲ ಸತ್ತು ಆಟವನ್ನೇ ಶಪಿಸಿ ಮುಚ್ಚುತ್ತಾನೆ. ಆರಂಭದಲ್ಲಿ ಹೋಗಬೇಕಾದ ದಾರಿ ಆ ಕಡೆಯದಲ್ಲ; ಬಂಡೆಯ ಪಕ್ಕದ ಮೆಟ್ಟಿಲೇರಿ ಮೇಲಿನ ಊರಿಗೆ ಹೋಗುವ ದಾರಿ. ನಾವು ಕೇಳಿ ತಿಳಿದಂತೆ, ಬಿಟ್ಟವರಲ್ಲಿ ಅನೇಕರು ಬಿಟ್ಟದ್ದು ಈ ಸ್ಮಶಾನದಲ್ಲಿಯೇ. ಸೋತದ್ದು ಕೈಯಲ್ಲ, ದಾರಿ ತಪ್ಪಿತ್ತು ಅಷ್ಟೆ. ಎರಡನೆಯ ಸಲ ಬರುವವನಿಗೆ ಇದೊಂದು ತಿಳಿದಿದ್ದರೆ ಮೊದಲ ಮೂರು ರಾತ್ರಿಯ ಸಂಕಟ ಉಳಿಯಿತು.

ದಿನವೆಲ್ಲ ಗಿರಾಕಿಯ ಬೈಗುಳ, ಮ್ಯಾನೇಜರನ ಗದರಿಕೆ ಕೇಳಿದವನು ರಾತ್ರಿಯೂ ಏಕೆ ಪೆಟ್ಟು ತಿನ್ನಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಸೂರತ್ತಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿರುವ, ಕುಂದಾಪುರ ಕಡೆಯ ತರುಣನೊಬ್ಬ ನಮಗೆ ಕೊಟ್ಟ ಉತ್ತರ ಕೇಳುವಂತಿತ್ತು: “ಗಿರಾಕಿ ಇವತ್ತು ನಗ್ತಾರೆ, ನಾಳೆ ಲೋಟ ಎಸೀತಾರೆ, ಯಾಕಂತ ಗೊತ್ತಾಗೋದಿಲ್ಲ ಸಾರ್. ಈ ರಾಕ್ಷಸ ಹಾಗಲ್ಲ. ನಿನ್ನೆ ಎಡಗೈ ಎತ್ತಿದ ಮೇಲೆ ಹೊಡೆದಿದ್ರೆ ಇವತ್ತೂ ಎಡಗೈ ಎತ್ತಿದ ಮೇಲೇ ಹೊಡೀತಾನೆ.” ಆಟದ ಗುಟ್ಟು ಇರುವುದು ಇಲ್ಲಿಯೇ. ಶಿಕ್ಷೆ ಕಠೋರ, ಆದರೆ ಬಹುಮಟ್ಟಿಗೆ ಮನಬಂದಂತೆ ಅಲ್ಲ. ಶತ್ರು ನಿಂತಲ್ಲಿಯೇ ನಿಂತಿರುತ್ತಾನೆ, ಬದಲಾಗುವವನು ಆಡುವವನೊಬ್ಬನೇ. ಆತ್ಮಗಳು ಕಳೆದುಹೋದರೂ ಕಂಡುಕೊಂಡದ್ದು ಕಳೆಯುವುದಿಲ್ಲ. ಹೀಗೆಂದು ಎಲ್ಲವೂ ನಿರ್ದೋಷವೆಂದು ಹೇಳಲಾರೆವು. ‘ಬ್ಲೈಟ್‌ಟೌನ್’ ಎಂಬ ಕೊಚ್ಚೆಯೂರು, ಕೊನೆಯ ಭಾಗದ ಬೆಂಕಿಯ ಮಡು, ಇವು ತಯಾರಕರ ಆತುರದ ಕೆಲಸವೆಂಬುದೇ ನಮ್ಮ ಅಭಿಪ್ರಾಯ.

ಇಂಥ ಆಟ ಹುಟ್ಟಿದ ಬಗೆಯೂ ಸ್ವಾರಸ್ಯಕರ. ಇದರ ನಿರ್ದೇಶಕರಾದ ಹಿದೇತಾಕಾ ಮಿಯಾಜಾಕಿಯವರು ಮೊದಲು ಒರಾಕಲ್ ಕಂಪನಿಯಲ್ಲಿ ಕಚೇರಿಯ ಕೆಲಸದಲ್ಲಿದ್ದವರು. ಗೆಳೆಯರ ಮಾತಿನಂತೆ ‘ಇಕೊ’ ಎಂಬ ಆಟವನ್ನು ಆಡಿ ನೋಡಿ, ಈ ಕಸಬಿಗೆ ಬರಬೇಕೆಂಬ ಹುಚ್ಚು ಹಿಡಿದು, 29ರ ವಯಸ್ಸಿನಲ್ಲಿ, 2004ರಲ್ಲಿ, ಫ್ರಮ್ ಸಾಫ್ಟ್‌ವೇರ್ ಕಂಪನಿಗೆ ಸೇರಿದರು. ಅಲ್ಲಿ ‘ಡೀಮನ್ಸ್ ಸೋಲ್ಸ್’ ಎಂಬ ಆಟವೊಂದು ಅರ್ಧದಲ್ಲಿ ಕೆಟ್ಟುನಿಂತಿತ್ತು. ಹೇಗೂ ಕೆಟ್ಟದ್ದು, ತಾನು ಇನ್ನಷ್ಟು ಕೆಡಿಸಿದರೂ ಕೇಳುವವರಿಲ್ಲವೆಂದು ಇವರು ಅದನ್ನು ವಹಿಸಿಕೊಂಡರು. 2009ರ ಫೆಬ್ರವರಿಯಲ್ಲಿ ಅದು ಜಪಾನಿನಲ್ಲಿ ಹೊರಬಂದಿತು.

ಬಿಡುಗಡೆಗೆ ಮುನ್ನ ಸೋನಿ ಕಂಪನಿಯ ಹಿರಿಯ ಅಧಿಕಾರಿ ಶುಹೇಯ್ ಯೋಷಿದಾ ಅದನ್ನು ಸುಮಾರು ಎರಡು ಗಂಟೆ ಆಡಿ, ಆರಂಭದ ಜಾಗವನ್ನೇ ದಾಟಲಾರದೆ, ಇದು ಕೆಲಸಕ್ಕೆ ಬಾರದ ಆಟವೆಂದು ತಳ್ಳಿಹಾಕಿದ್ದರು. ಅಮೆರಿಕದಲ್ಲಿ ಅದನ್ನು ಪ್ರಕಟಿಸಲು ಸೋನಿ ಮನಸ್ಸು ಮಾಡಲಿಲ್ಲ. ಅಟ್ಲಸ್ ಎಂಬ ಬೇರೊಂದು ಸಂಸ್ಥೆ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟಿಸಿತು. ಬಾಯಿಂದ ಬಾಯಿಗೆ ಹೆಸರು ಹಬ್ಬಿತು. ತಮ್ಮ ಅಂದಾಜು ತಪ್ಪಿತ್ತೆಂದು ಯೋಷಿದಾ ಅವರು ಮುಂದೆ ಬಹಿರಂಗವಾಗಿಯೇ ಹೇಳಿದರು. 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಯಂತ್ರ ಮಾರುಕಟ್ಟೆಗೆ ಬಂದಾಗ, ಅದರೊಂದಿಗೇ ಸೋನಿ ಹೊರತಂದ ಆಟಗಳಲ್ಲಿ ಹೊಸದಾಗಿ ಕಟ್ಟಿದ ಇದೇ ‘ಡೀಮನ್ಸ್ ಸೋಲ್ಸ್’ ಒಂದಾಗಿತ್ತು. ಮಿಯಾಜಾಕಿಯವರು 2014ರಲ್ಲಿ ಕಂಪನಿಯ ಅಧ್ಯಕ್ಷರಾದರು. ಅವರ ಬಳಗದ ‘ಎಲ್ಡನ್ ರಿಂಗ್’ 2022ರ ಫೆಬ್ರವರಿಯಲ್ಲಿ ಹೊರಟು ಒಂದು ತಿಂಗಳೊಳಗೆ 1 ಕೋಟಿ 20 ಲಕ್ಷ ಪ್ರತಿಗಳನ್ನು ದಾಟಿತು.

ಮಿಯಾಜಾಕಿಯವರದು ಬಡತನದ ಬಾಲ್ಯ. ಗ್ರಂಥಾಲಯದಿಂದ ತಂದ ಪುಸ್ತಕಗಳಲ್ಲಿ ಅರ್ಥವಾಗದ ಭಾಗಗಳನ್ನು ಚಿತ್ರಗಳ ಸಹಾಯದಿಂದ ತಾವೇ ಊಹಿಸಿ ತುಂಬಿಕೊಳ್ಳುತ್ತಿದ್ದರಂತೆ. ಆಟದ ಕಥೆಯನ್ನೂ ಅವರು ಹಾಗೆಯೇ ಚೂರುಚೂರಾಗಿ, ಕತ್ತಿ ಉಂಗುರಗಳ ವಿವರಣೆಗಳಲ್ಲಿ ಹರಡಿದ್ದಾರೆ. ಆಟದಲ್ಲಿ ಕನ್ನಡವಿಲ್ಲ, ಇರುವುದು ಹಳೆಯ ಧಾಟಿಯ ಇಂಗ್ಲಿಷು. ನಮ್ಮ ಹುಡುಗರಿಗೆ ಅದು ಅರ್ಧ ತಿಳಿಯುತ್ತದೆ, ಅರ್ಧ ಊಹೆ. ಇಂಗ್ಲಿಷು ಬಾರದೆಂದು ಹಿಂಜರಿಯುವವರಿಗೆ ಈ ಸಂಗತಿ ಧೈರ್ಯ ಕೊಟ್ಟೀತು.

ಊರಿನಲ್ಲಿರುವ ತಂದೆತಾಯಿಗಳ ಆತಂಕವನ್ನೂ ಅಲ್ಲಗಳೆಯುವಂತಿಲ್ಲ. 2019ರ ಮಾರ್ಚಿನಲ್ಲಿ ಇದೇ ರಾಜ್ಯದ ರಾಜಕೋಟದ ಪೊಲೀಸರು ಪಬ್ಜಿ ಆಟವನ್ನು ನಿಷೇಧಿಸಿ ಆಡುತ್ತಿದ್ದವರನ್ನು ಹಿಡಿದದ್ದುಂಟು. ಅದಕ್ಕಿಂತ ಹೆಚ್ಚಾಗಿ, ಮೊಬೈಲಿನ ರಮ್ಮಿಯಲ್ಲಿ ಸಂಬಳ ಕಳೆದುಕೊಂಡು ಊರಿಗೆ ಹಣ ಕಳುಹಿಸಲಾರದೆ ಮುಖ ತಪ್ಪಿಸಿಕೊಂಡ ತರುಣರ ಕಥೆ ಹೋಟೆಲು ಕೆಲಸಗಾರರಿಗೆ ಹೊಸದಲ್ಲ. ಹಣ ಕಟ್ಟಿ ಆಡುವ ಅಂಥ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನಿನಿಂದ ನಿಷೇಧಿಸಿತು. ನಾವು ಹೇಳುತ್ತಿರುವ ಆಟ ಆ ಜಾತಿಯದಲ್ಲ. ಒಮ್ಮೆ ಕೊಂಡರೆ ಮುಗಿಯಿತು. ಸಾವಿರ ಸಲ ಸತ್ತರೂ ಕಿಸೆಯಿಂದ ಕಾಸು ಹೋಗುವುದಿಲ್ಲ. ಹೋಗುವುದು ನಿದ್ದೆ. ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆ ಇಡಬೇಕಾದವನಿಗೆ ಅದೇನೂ ಸಣ್ಣ ನಷ್ಟವಲ್ಲ. ಒಬ್ಬನೇ ರಾಕ್ಷಸನಿಗೆ ಮೂರು ಸಲ ಸೋತರೆ ಆ ರಾತ್ರಿ ಯಂತ್ರವನ್ನು ಮುಚ್ಚುವುದು ಕ್ಷೇಮ. ಮರುದಿನ ಕೈ ತಾನಾಗಿಯೇ ಸರಿಹೋಗುವುದನ್ನು ನಾವೂ ಆಡಿ ಕಂಡಿದ್ದೇವೆ.

ಮರಳಿ ಹೊರಡುವವರಿಗೆ ಇನ್ನು ಕೆಲವು ಮಾತು. ಭಾರವಾದ ಕವಚವನ್ನು ಹೇರಿಕೊಳ್ಳಬೇಡಿರಿ. ಹೊರೆ ಕಡಿಮೆಯಿದ್ದರೆ ಉರುಳಿ ತಪ್ಪಿಸಿಕೊಳ್ಳುವುದು ಸುಲಭ. ಗುರಾಣಿಯನ್ನು ಮರೆಯಬೇಡಿರಿ. ಕೈಯಲ್ಲಿ ಆತ್ಮಗಳು ಕೂಡಿದ್ದರೆ ಹೊಸ ಜಾಗಕ್ಕೆ ನುಗ್ಗುವ ಮೊದಲು ಖರ್ಚು ಮಾಡಿರಿ. ಮುಖ್ಯವಾಗಿ, ಮೇಲಿನ ಊರನ್ನು ದಾಟಿ ದೇಗುಲದ ಗಂಟೆಯವರೆಗೆ ಬಂದವರು ಅಲ್ಲಿಯ ಎತ್ತುಯಂತ್ರವನ್ನು ಹುಡುಕದೆ ಬಿಡಬಾರದು. ಗಂಟೆಗಟ್ಟಲೆ ಹೋರಾಡುತ್ತ, ಮನೆಯಿಂದ ಬಹುದೂರ ಬಂದೆವೆಂದು ಅಂಜಿ ಅದನ್ನು ಏರಿದರೆ, ಅದು ಸದ್ದಿಲ್ಲದೆ ಇಳಿದು ನಮ್ಮನ್ನು ಮುಟ್ಟಿಸುವುದು ಮೊದಲಿನ ಫೈರ್‌ಲಿಂಕ್ ಗುಡಿಗೇ! ಇಷ್ಟು ಹೊತ್ತು ಸುತ್ತಿದ್ದು ಮನೆಯ ನೆತ್ತಿಯ ಮೇಲೆಯೇ ಎಂದು ತಿಳಿದಾಗ ಆಗುವ ಸಂತೋಷವನ್ನು ಬರೆದು ತಿಳಿಸುವುದು ಕಷ್ಟ. ಸ್ಮಶಾನದಲ್ಲಿ ಬಿಟ್ಟುಹೋದವರು ತಪ್ಪಿಸಿಕೊಂಡದ್ದು ಇದನ್ನೇ.

ಒಬ್ಬನಿಂದಾಗದಲ್ಲಿ ನೆರವು ಕೇಳುವುದಕ್ಕೂ ಅವಕಾಶವಿದೆ. ನೆಲದ ಮೇಲೆ ಹೊಳೆಯುವ ಗುರುತನ್ನು ಮುಟ್ಟಿದರೆ ಯಾವುದೋ ದೇಶದ ಅಪರಿಚಿತನೊಬ್ಬ ಬಂದು ಜತೆಗೆ ಕಾದಾಡಿ, ಕೆಲಸ ಮುಗಿದೊಡನೆ ಮಾಯವಾಗುತ್ತಾನೆ. ಹಿಮದ ಏರಿನಲ್ಲಿ ಸಿಕ್ಕಿಬಿದ್ದ ಕಾರುಗಳನ್ನು ಹಿಂದಿನವರು ತಳ್ಳಿ ಮೇಲೇರಿಸಿದ, ಅವರಿಗೆ ನಿಂತು ಕೃತಜ್ಞತೆ ಹೇಳಲೂ ಆಗದ ಒಂದು ನೆನಪಿನಿಂದ ಈ ಏರ್ಪಾಡು ಹೊಳೆಯಿತೆಂದು ಮಿಯಾಜಾಕಿಯವರು ಹೇಳಿದ್ದಾರೆ. ಕಂಪ್ಯೂಟರಿನಲ್ಲಿ ಆಡುವವರು ಇಷ್ಟು ನೋಡಿಕೊಳ್ಳಬೇಕು: 2012ರ ಹಳೆಯ ಕಂಪ್ಯೂಟರ್ ಆವೃತ್ತಿಗೆ ಈ ಸೌಲಭ್ಯ 2022ರಲ್ಲಿ ನಿಂತುಹೋಗಿ ಮತ್ತೆ ಬರಲಿಲ್ಲ. ಜತೆಗಾರರ ನೆರವು ಬೇಕೆನ್ನುವವರು 2018ರ ‘ರಿಮಾಸ್ಟರ್ಡ್’ ಆವೃತ್ತಿಯನ್ನೇ ಕೊಳ್ಳತಕ್ಕದ್ದು.