ಗಾಳಿಯಲ್ಲಿ ಬಿಡಿಸುವ ಚಿತ್ರ

ಚಿತ್ರ ಬರೆಯಬೇಕಾದರೆ ಒಂದು ಆಧಾರ ಬೇಕು. ಅಂಗಳದಲ್ಲಿ ರಂಗೋಲಿ ಹಾಕುವ ತಾಯಿಗೆ ನೆಲ, ಶಾಲೆಯ ಮಗುವಿಗೆ ಪಾಟಿ ಅಥವಾ ಕಾಗದ, ಗುಡಿಯ ಚಿತ್ರಕಾರನಿಗೆ ಗೋಡೆ. ಬರಿಯ ಗಾಳಿಯಲ್ಲಿ ಚಿತ್ರ ಬರೆಯುವೆನೆಂದು ಯಾರಾದರೂ ಹೊರಟರೆ, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಆದರೆ ಇಂದು ಗಾಳಿಯಲ್ಲಿಯೇ ಕೈಯಾಡಿಸಿ ಚಿತ್ರ ಬಿಡಿಸುವ, ಬಿಡಿಸಿದ ಚಿತ್ರದ ಸುತ್ತಲೂ ನಡೆದಾಡಿ ನೋಡುವ ಆಟವೊಂದು ಗಣಕಯಂತ್ರದಲ್ಲಿ ಬಂದಿದೆ. ವಿದ್ಯಾರ್ಥಿಗಳು ಇದರ ವಿಷಯವನ್ನು ಮೊಬೈಲಿನಲ್ಲಿ ನೋಡಿ ನಮ್ಮನ್ನು ಕೇಳುತ್ತಾರೆ. ಪಾಲಕರು ಇದನ್ನು ಕೊಡಿಸದಿದ್ದರೆ ಮಗು ಹಿಂದೆ ಬೀಳುವುದೇ ಎಂದು ಚಿಂತಿಸುತ್ತಾರೆ. ಆದ್ದರಿಂದ ಈ ಆಟ ಎಂಥದು, ಅದನ್ನು ಅಳವಡಿಸಿ ಆಡುವುದು ಹೇಗೆ, ಅದು ಕೈಗೆಟುಕದ ಮಗು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹುಟ್ಟಿ ಬೆಳೆದ ಬಗೆ

ಗಾಳಿಯಲ್ಲಿ ಗೆರೆ ಎಳೆಯುವ ಆಸೆ ಗಣಕಯಂತ್ರದಿಂದ ಹುಟ್ಟಿದ್ದಲ್ಲ. 1949ರಲ್ಲಿ ಜೋನ್ ಮಿಲಿ ಎಂಬ ಛಾಯಾಗ್ರಾಹಕರು ಪ್ರಸಿದ್ಧ ಚಿತ್ರಕಾರ ಪಿಕಾಸೊ ಅವರ ಕೈಗೆ ಒಂದು ಸಣ್ಣ ದೀಪವನ್ನು ಕೊಟ್ಟು, ಕತ್ತಲೆಯ ಕೋಣೆಯಲ್ಲಿ ಕ್ಯಾಮರಾದ ಬಾಗಿಲನ್ನು ತೆರೆದಿಟ್ಟರು. ಪಿಕಾಸೊ ಗಾಳಿಯಲ್ಲಿ ಆಡಿಸಿದ ದೀಪದ ಜಾಡು ಪಟದಲ್ಲಿ ಬೆಳಕಿನ ರೇಖೆಯಾಗಿ ಮೂಡಿತು. ಆದರೆ ಆ ರೇಖೆ ಪಟದಲ್ಲಿ ಮಾತ್ರ ಇತ್ತು. ಬರೆದವರಿಗೆ ಅದು ಬರೆಯುವಾಗ ಕಾಣುತ್ತಿರಲಿಲ್ಲ.

ಅಮೆರಿಕದ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ 1963ರಲ್ಲಿ ಗಣಕಯಂತ್ರದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅವರೇ 1968ರಲ್ಲಿ ತಲೆಗೆ ಧರಿಸುವ ಪರದೆಯನ್ನೂ ತಯಾರಿಸಿದರು. ಅದು ಎಷ್ಟು ಭಾರವಾಗಿತ್ತೆಂದರೆ, ಅದನ್ನು ಮಾಳಿಗೆಗೆ ತೂಗುಹಾಕಬೇಕಾಗಿತ್ತು! ಈ ಎರಡು ಸಾಧನೆಗಳೂ ಒಂದುಗೂಡಿ ಜನಸಾಮಾನ್ಯರ ಆಟವಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ಪ್ಯಾಟ್ರಿಕ್ ಹ್ಯಾಕೆಟ್ ಮತ್ತು ಡ್ರೂ ಸ್ಕಿಲ್‌ಮನ್ ಎಂಬಿಬ್ಬರು ‘ಟಿಲ್ಟ್ ಬ್ರಶ್’ ಎಂಬ ಆಟವನ್ನು ರಚಿಸಿದರು. 2015ರಲ್ಲಿ ಗೂಗಲ್ ಕಂಪನಿಯು ಅವರ ಸಂಸ್ಥೆಯನ್ನು ಕೊಂಡಿತು. 2016ರ ಏಪ್ರಿಲ್‌ನಲ್ಲಿ ಆಟವು ‘ವೈವ್’ ಎಂಬ ತಲೆಗವಚದೊಂದಿಗೆ ಜನರಿಗೆ ದೊರೆಯಿತು.

2021ರ ಜನವರಿಯಲ್ಲಿ ಗೂಗಲ್ ಈ ಆಟವನ್ನು ಮುಂದುವರಿಸುವುದನ್ನು ನಿಲ್ಲಿಸಿತು. ಆದರೆ ಆಟವನ್ನು ಕಟ್ಟಿದ ಸಂಕೇತಲಿಪಿಯನ್ನು ಯಾರು ಬೇಕಾದರೂ ಓದಿ ತಿದ್ದಿ ಬಳಸುವಂತೆ ಬಿಚ್ಚಿಟ್ಟಿತು. ಅದನ್ನು ಎತ್ತಿಕೊಂಡು ಆಸಕ್ತರು ಬೆಳೆಸಿದ ರೂಪವೇ ‘ಓಪನ್ ಬ್ರಶ್’. ಇದಕ್ಕೆ ಹಣ ಕೊಡಬೇಕಾಗಿಲ್ಲ. ಹಂಚಿಕೊಂಡ ವಿದ್ಯೆ ಹೀಗೆ ಉಳಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಣ್ಣಿಗೆ ಹಾಗೆ ತೋರುವುದೇಕೆ?

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಒಂದೇ ವಸ್ತು ಎರಡು ಕಣ್ಣಿಗೂ ತುಸು ಬೇರೆಯಾಗಿ ಕಾಣುತ್ತದೆ. ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಇದು ತಿಳಿಯುತ್ತದೆ. ಈ ಎರಡು ನೋಟಗಳನ್ನು ಮಿದುಳು ಒಂದುಗೂಡಿಸಿ ವಸ್ತು ಎಷ್ಟು ದೂರದಲ್ಲಿದೆ ಎಂದು ಅರಿಯುತ್ತದೆ. ತಲೆಗವಚವು ಇದೇ ಉಪಾಯವನ್ನು ಬಳಸಿ, ಮಸೂರಗಳ ಮೂಲಕ ಎರಡು ಕಣ್ಣಿಗೆ ಎರಡು ಬೇರೆ ಚಿತ್ರಗಳನ್ನು ತೋರಿಸುತ್ತದೆ. ತಲೆ ಹೊರಳಿದಂತೆ ಚಿತ್ರವೂ ಬದಲಾಗಬೇಕು. ಅದಕ್ಕಾಗಿ 2016ರ ತಲೆಗವಚಗಳೇ ಒಂದು ಸೆಕೆಂಡಿಗೆ 90 ಚಿತ್ರಗಳನ್ನು ತೋರಿಸುತ್ತಿದ್ದವು. ಗಣಕಯಂತ್ರವು ಅಷ್ಟು ವೇಗವಾಗಿ ಚಿತ್ರ ಒದಗಿಸದಿದ್ದರೆ, ಕಣ್ಣು ಹೇಳುವುದೊಂದು, ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದೊಂದು ಆಗಿ ತಲೆ ಸುತ್ತುತ್ತದೆ. ಘಟ್ಟದ ರಸ್ತೆಯ ಬಸ್ಸಿನಲ್ಲಿ ಆಗುವ ಹಾಗೆಯೇ. ಚಿತ್ರದ ಆಟದಲ್ಲಿ ನಮ್ಮ ಕಾಲಿನಿಂದಲೇ ನಡೆಯುವುದರಿಂದ ಈ ತೊಂದರೆ ಕಡಿಮೆ.

ಅಳವಡಿಸುವ ಕ್ರಮ

ಮೊದಲನೆಯದಾಗಿ, ಚಿತ್ರಗಳನ್ನು ವೇಗವಾಗಿ ರಚಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಗಣಕಯಂತ್ರ ಬೇಕು. ಪತ್ರ ಟೈಪು ಮಾಡಲು, ಲೆಕ್ಕ ಬರೆಯಲು ಕೊಳ್ಳುವ ಸಾಧಾರಣ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

ಎರಡನೆಯದಾಗಿ, ಜಾಗವನ್ನು ಸಿದ್ಧಪಡಿಸಬೇಕು. ನಡೆದಾಡಿ ಆಡಲು ‘ವೈವ್’ ತಯಾರಕರು ಹೇಳುವ ಕನಿಷ್ಠ ಅಳತೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಬೆಂಚು, ಮೇಜುಗಳನ್ನು ಸರಿಸಿ, ಕಾಲಿಗೆ ತೊಡರುವ ವಸ್ತುಗಳನ್ನು ತೆಗೆಯಬೇಕು. ಮೇಲಿನ ಫ್ಯಾನು ಕೈಗೆ ಎಟುಕುವಂತಿದ್ದರೆ ಅದನ್ನು ನಿಲ್ಲಿಸಲೇಬೇಕು.

ಮೂರನೆಯದಾಗಿ, ‘ಸ್ಟೀಮ್’ ಎಂಬ ಆಟಗಳ ಭಂಡಾರವನ್ನು ಗಣಕಯಂತ್ರದಲ್ಲಿ ಸ್ಥಾಪಿಸಿ ಖಾತೆ ತೆರೆಯಬೇಕು. 13 ವರ್ಷಕ್ಕಿಂತ ಚಿಕ್ಕವರು ಖಾತೆ ತೆರೆಯುವಂತಿಲ್ಲ. ಹಿರಿಯರೇ ತೆರೆದು ಗುಪ್ತಪದವನ್ನು ತಮ್ಮಲ್ಲಿಟ್ಟುಕೊಳ್ಳುವುದು ಲೇಸು. ಬಳಿಕ ಆ ಭಂಡಾರದಿಂದಲೇ ‘ಸ್ಟೀಮ್ ವಿಆರ್’ ಎಂಬುದನ್ನು ಇಳಿಸಿಕೊಂಡು, ತಲೆಗವಚವನ್ನು ಜೋಡಿಸಿ, ಅದು ಕೇಳಿದಂತೆ ಕೋಣೆಯ ಎಲ್ಲೆಯನ್ನು ಗುರುತಿಸಬೇಕು. ಆಡುವವನು ಎಲ್ಲೆಯ ಹತ್ತಿರ ಬಂದಾಗ ಕಣ್ಣ ಮುಂದೆ ಒಂದು ಜಾಲರಿ ಮೂಡಿ ಎಚ್ಚರಿಸುತ್ತದೆ. ಕೊನೆಗೆ ‘ಓಪನ್ ಬ್ರಶ್’ ಎಂದು ಹುಡುಕಿ ಸ್ಥಾಪಿಸಿದರೆ ಕೆಲಸ ಮುಗಿಯಿತು.

ಆಡುವ ರೀತಿ

ಎರಡೂ ಕೈಗಳಲ್ಲಿ ಒಂದೊಂದು ಹಿಡಿಕೆ ಇರುತ್ತದೆ. ಒಂದು ಕೈಯದು ಬಣ್ಣದ ತಟ್ಟೆ, ಇನ್ನೊಂದು ಕೈಯದು ಕುಂಚ. ತೋರುಬೆರಳಿನ ಗುಂಡಿಯನ್ನು ಒತ್ತಿ ಕೈಯಾಡಿಸಿದರೆ ಗೆರೆ ಗಾಳಿಯಲ್ಲಿ ನಿಲ್ಲುತ್ತದೆ. ಎಣ್ಣೆಬಣ್ಣ, ಶಾಯಿ ಮಾತ್ರವಲ್ಲ, ಬೆಂಕಿ, ಹೊಗೆ, ನಕ್ಷತ್ರಗಳ ಕುಂಚಗಳೂ ಇವೆ. ಗುಂಡಿಗಳ ಇಂಗ್ಲಿಷ್ ಹೆಸರುಗಳ ಅರ್ಥವನ್ನು ಕನ್ನಡದಲ್ಲಿ ತಿಳಿದುಕೊಂಡರೆ ಅಂಜಿಕೆ ಹೋಗುತ್ತದೆ: ‘ಅಂಡೂ’ ಎಂದರೆ ಮಾಡಿದ್ದನ್ನು ಹಿಂದೆಗೆಯುವುದು, ‘ಮಿರರ್’ ಎಂದರೆ ಗೆರೆಯ ಪ್ರತಿಬಿಂಬ ಮೂಡಿಸುವುದು, ‘ಸೇವ್’ ಎಂದರೆ ಉಳಿಸಿಡುವುದು.

ಮೊದಲ ಸಲ ಆಡುವಾಗ ‘ಕ’ ಎಂಬ ಅಕ್ಷರವನ್ನು ದೊಡ್ಡದಾಗಿ ಗಾಳಿಯಲ್ಲಿ ಬರೆಯಿರಿ. ಆಮೇಲೆ ನಡೆದು ಅದರ ಹಿಂದೆ ಹೋಗಿ ನೋಡಿರಿ. ಅಕ್ಷರ ತಿರುವುಮುರುವಾಗಿರುತ್ತದೆ. ಪಕ್ಕದಿಂದ ನೋಡಿದರೆ ಅದು ಅಕ್ಷರವೇ ಅಲ್ಲ, ನೇತಾಡುವ ಪಟ್ಟಿ. ಏಕೆಂದರೆ ಈ ಆಟದ ಬಹುಪಾಲು ಗೆರೆಗಳು ರಿಬ್ಬನ್ನಿನಂತೆ ಚಪ್ಪಟೆ. ಇನ್ನು ಮುಂದಿನಿಂದ ದುಂಡಗೆ ಕಂಡ ಮಡಕೆ, ಪಕ್ಕದಿಂದ ತಟ್ಟೆಯಂತೆ ಕಾಣುತ್ತದೆ. ಕಾಗದದ ಮೇಲೆ ಉದ್ದ, ಅಗಲ ಎರಡನ್ನೇ ಲೆಕ್ಕಿಸಿದ ಕೈ ಇಲ್ಲಿ ಆಳವನ್ನೂ ಲೆಕ್ಕಿಸಬೇಕು. ಈ ಆಟ ಕಲಿಸುವ ನಿಜವಾದ ಪಾಠ ಇದೇ.

ಆದರೆ ಈ ಆಟ ಕಲಿಸದಿರುವುದೂ ಒಂದಿದೆ. ಗೋವೆಯ ಹಾಗೂ ಉತ್ತರ ಕನ್ನಡದ ಹಳೆಯ ಗುಡಿಗಳಲ್ಲಿ ಕಾವಿ ಕಲೆಯನ್ನು ಕಾಣುತ್ತೇವೆ. ಮೋರ್ಜಿಮ್‌ನ ಮೋರಜಾಯಿ ಗುಡಿ ಇದಕ್ಕೆ ಹೆಸರಾದುದು. ಸುಣ್ಣದ ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿಯನ್ನು ಬಳಿದು, ಹಸಿಯಾಗಿರುವಾಗಲೇ ಚೂಪಾದ ಉಳಿಯಿಂದ ಕೆರೆದರೆ, ಕೆಂಪಿನ ನಡುವೆ ಬಿಳಿ ಕಾಣಿಸಿಕೊಂಡು ಚಿತ್ರ ಮೂಡುತ್ತದೆ. ಅಲ್ಲಿ ‘ಅಂಡೂ’ ಎಂಬ ಗುಂಡಿಯಿಲ್ಲ. ಗೋಡೆ ಕೈಯನ್ನು ತಡೆಯುತ್ತದೆ, ಗಾರೆ ಒಣಗುತ್ತ ಹೋಗುತ್ತದೆ, ಕೆರೆಯುವ ಮೊದಲೇ ಯೋಚಿಸಬೇಕಾಗುತ್ತದೆ. ಗಾಳಿಗೆ ಈ ಶಿಸ್ತು ಇಲ್ಲ. ಪಾಟಿ, ಕಾಗದಗಳ ಮೇಲೆ ಪಳಗಿದ ಕೈಗೆ ತಲೆಗವಚ ಹೊಸ ಬಯಲನ್ನು ತೆರೆಯುತ್ತದೆ. ಪಳಗದ ಕೈಯ ಗೀಚು ಅಲ್ಲಿಯೂ ಗೀಚೇ.

ಪಾಲಕರಿಗೆ ಎರಡು ಮಾತು

ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳಿಂದ ದುಡಿಮೆಗಾಗಿ ಗೋವೆಗೆ ಬಂದವರು. ತಲೆಗವಚ ಮತ್ತು ತಕ್ಕ ಗಣಕಯಂತ್ರ ಎರಡೂ ಸೇರಿದರೆ ವೆಚ್ಚ ಲಕ್ಷ ರೂಪಾಯಿಯ ಆಸುಪಾಸಿಗೆ ಹೋಗುತ್ತದೆ. ಸಾಲ ಮಾಡಿ ಇದನ್ನು ಕೊಳ್ಳಬೇಕಾಗಿಲ್ಲ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಗೋವಾ ಸರಕಾರವು 2021ರಲ್ಲಿ ಶಾಲೆಗಳಲ್ಲಿ ಕೋಡಿಂಗ್ ಮತ್ತು ರೊಬೊಟಿಕ್ಸ್ ಕಲಿಸುವ ‘ಕೇರ್ಸ್’ ಯೋಜನೆಯನ್ನು ಆರಂಭಿಸಿತು. ಇಂಥ ಸಾಧನಗಳೂ ಮನೆಮನೆಗೆ ಬೇಕಾದವಲ್ಲ. ಶಾಲೆಗೊಂದು, ಊರಿನ ವಾಚನಾಲಯಕ್ಕೊಂದು ಇದ್ದು ಎಲ್ಲರೂ ಸರದಿಯಿಂದ ಬಳಸಬೇಕಾದವು.

ಮಗುವಿಗೆ ಎಲ್ಲಿಯಾದರೂ ಇದನ್ನು ಧರಿಸುವ ಅವಕಾಶ ದೊರೆತರೆ ಈ ಎಚ್ಚರಿಕೆಗಳಿರಲಿ. ಮೆಟಾ ಕಂಪನಿಯು ತನ್ನ ತಲೆಗವಚಕ್ಕೆ ಮೊದಲು ಇಟ್ಟಿದ್ದ 13 ವರ್ಷದ ಮಿತಿಯನ್ನು 2023ರಲ್ಲಿ ಪಾಲಕರ ಹತೋಟಿಯ ಷರತ್ತಿನೊಡನೆ 10ಕ್ಕೆ ಇಳಿಸಿತು; ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ. ಒಂದು ಸರದಿಗೆ ಹತ್ತು ಹದಿನೈದು ನಿಮಿಷ ಸಾಕು. ತಲೆ ಸುತ್ತಿದರೆ ಕೂಡಲೇ ತೆಗೆಯಬೇಕು. ಒಬ್ಬರಾದ ಮೇಲೆ ಒಬ್ಬರು ಧರಿಸುವ ಮೊದಲು ಮುಖಕ್ಕೆ ತಾಗುವ ಮೆತ್ತೆಯನ್ನು ಒರೆಸಬೇಕು. ಕಣ್ಣು ಬೇನೆ ಬಂದವರು ಧರಿಸಬಾರದು. ಮಸೂರಗಳ ಮೇಲೆ ಬಿಸಿಲು ಬಿದ್ದರೆ ಒಳಗಿನ ಪರದೆ ಸುಡುವುದರಿಂದ ಅದನ್ನು ಕಿಟಕಿಯ ಬಳಿ ಇಡಬಾರದು.

ಅವಕಾಶ ದೊರೆಯದವರು ಪಿಕಾಸೊ ಮಾಡಿದ್ದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಮನೆಯವರ ಮೊಬೈಲಿನ ಹಿಂಬದಿಯ ಕ್ಯಾಮರಾದಲ್ಲಿ ಬಾಗಿಲು ತೆರೆದಿರುವ ಅವಧಿಯನ್ನು ಬದಲಿಸುವ ಅನುಕೂಲವಿದ್ದರೆ, ಅದನ್ನು 8 ಅಥವಾ 10 ಸೆಕೆಂಡಿಗೆ ಇಟ್ಟು, ಮೊಬೈಲನ್ನು ಸ್ಟೂಲಿನ ಮೇಲೆ ಅಲುಗದಂತೆ ನಿಲ್ಲಿಸಿರಿ. ದೀಪ ಆರಿಸಿ, ಕ್ಯಾಮರಾಕ್ಕೆ ಎದುರಾಗಿ ನಿಂತು, ಸಣ್ಣ ಬ್ಯಾಟರಿಯ ಬೆಳಕನ್ನು ಅದರ ಕಡೆಗೆ ಹಿಡಿದು ಗಾಳಿಯಲ್ಲಿ ‘ಕ’ ಬರೆಯಿರಿ. ಪಟದಲ್ಲಿ ಅಕ್ಷರ ತಿರುವುಮುರುವಾಗಿ ಬರುತ್ತದೆ. ಕ್ಯಾಮರಾ ಅದನ್ನು ಆ ಬದಿಯಿಂದ ನೋಡಿತಲ್ಲವೆ? ಅದನ್ನು ನೇರವಾಗಿ ಮೂಡಿಸಬೇಕಾದರೆ ಕೈ ಹೇಗೆ ಚಲಿಸಬೇಕು ಎಂದು ಯೋಚಿಸಿರಿ. ಲಕ್ಷ ರೂಪಾಯಿಯ ಯಂತ್ರ ಮೊದಲ ದಿನ ಕೇಳುವ ಪ್ರಶ್ನೆಯೂ ಇದೇ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಸಣ್ಣ ಕೆಲಸ. ಸೊನ್ನೆಯನ್ನು ಹಿಂದಿನಿಂದ ನೋಡಿದರೂ ಅದು ಸೊನ್ನೆಯೇ. ನಮ್ಮ ವರ್ಣಮಾಲೆಯಲ್ಲಿ ಹೀಗೆ ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಅಕ್ಷರಗಳು ಯಾವುವು? ತೆಳುವಾದ ಕಾಗದದ ಮೇಲೆ ಒಂದೊಂದಾಗಿ ಬರೆದು, ಬೆಳಕಿಗೆ ಹಿಡಿದು, ಹಿಂದಿನಿಂದ ನೋಡಿ ಪಟ್ಟಿ ಮಾಡಿಕೊಂಡು ಬನ್ನಿರಿ.